ಮಿಠಿ ನದಿಯ ಆಚೆ ದಡ

ಬಾಂದ್ರಾ ಸ್ಟೇಷನ್ನಿನ ಹೊರಗೆ ಆಟೋ ಹತ್ತಿ ಕೂತು ಮಾಹಿಮ್ ದರ್ಗಾಕ್ಕೆ ಬಿಡಪ್ಪಾ ಅಂದರೆ ಯಾವ ಡ್ರೈವರನೂ ಬರುವುದಿಲ್ಲ. ದಾರಿ ಮೂರು ಕಿಲೋಮೀಟರಿನ ಆಸುಪಾಸು ಅಷ್ಟೆ, ದುಡ್ಡು ಎಷ್ಟು ಕೊಡುತ್ತೇನೆಂದರೂ ಅವನು ತಲೆಯಾಡಿಸುತ್ತಾನೆ. ಮುಂಬಯಿಯಲ್ಲಿ ಆಟೋಗಳಿಗೆ ಉಪನಗರದಲ್ಲಿ ಮಾತ್ರ ಪರವಾನಗಿ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್, ಅಲ್ಲಿಗೆ ಅವುಗಳ ರಾಜ್ಯ ಮುಗಿಯಿತು. ಅಲ್ಲಿಂದ ದಕ್ಷಿಣಕ್ಕೆ ಕಾಳಿ ಪೀಲಿ ಟ್ಯಾಕ್ಸಿಯೇ ಗತಿ. ಊರಿಂದ ಬಂದ ನೆಂಟರು ಈ ಕಟ್ಟಳೆಯನ್ನು ಕೇಳಿ ಆಶ್ಚರ್ಯಪಡುತ್ತಾರೆ. ಅವರಿಗೆ ನಾನು ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಮುಂಬಯಿ ನಗರ ಜಿಲ್ಲೆ, ಮುಂಬಯಿ ಉಪನಗರ ಜಿಲ್ಲೆ ಎಂದು 1990ರಲ್ಲಿ ಎರಡು ಜಿಲ್ಲೆ ಮಾಡಿದಾಗಲೂ ಗೆರೆ ಬಿದ್ದದ್ದು ಇಲ್ಲಿಯೇ, ಮಾಹಿಮ್ ಮತ್ತು ಬಾಂದ್ರಾಗಳ ನಡುವೆ, ಸಾಯನ್ ಮತ್ತು ಕುರ್ಲಾಗಳ ನಡುವೆ. ನಡುವೆ ಇರುವುದು ಮಿಠಿ ನದಿಯ ಅಳಿವೆ. ಮಾಹಿಮ್ ಖಾಡಿ ಅಂತ ಇಲ್ಲಿಯವರು ಕರೆಯುವ ಆ ಕಪ್ಪು ನೀರು, 1665ರಿಂದ 1774ರವರೆಗೆ, ಅಂದರೆ 109 ವರ್ಷ, ಎರಡು ದೇಶಗಳ ನಡುವಿನ ಗಡಿಯಾಗಿತ್ತು.

ದೇಶ ಅಂದರೆ ನಿಜವಾದ ದೇಶ. ಈಚೆ ದಡದಲ್ಲಿ ಇಂಗ್ಲೆಂಡಿನ ಬಾವುಟ, ಆಚೆ ದಡದಲ್ಲಿ ಪೋರ್ಚುಗಲ್ಲಿನದು, ಆಮೇಲೆ ಮರಾಠರದು. ಈಚೆ ಒಂದು ಸುಂಕದ ಕಟ್ಟೆ, ಆಚೆ ಒಂದು. ಈಚೆ ಕೋಟೆ, ಆಚೆ ಕೋಟೆ. ಈಗ ದಿನಕ್ಕೆ ಲಕ್ಷಗಟ್ಟಲೆ ಜನ ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡಿಕೊಂಡು ಆ ಗಡಿ ದಾಟುತ್ತಾರೆ. ಮಾಹಿಮ್ ಬಿಟ್ಟು ಗಾಡಿ ವೇಗ ಹಿಡಿಯುವಷ್ಟರಲ್ಲಿ ಕಂಬಿಗಳ ಕೆಳಗೆ ಸೇತುವೆಯ ಟೊಳ್ಳು ಸದ್ದು ಕೇಳುತ್ತದೆ, ಮೂಗಿಗೆ ಆ ವಾಸನೆ ಬಡಿಯುತ್ತದೆ, ಕಿಟಕಿ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾಳೆ, ಇಸ್ಪೀಟಾಡುವವರು ಎಲೆ ಇಳಿಸುವುದನ್ನು ನಿಲ್ಲಿಸುವುದಿಲ್ಲ. 'ಪುಢೀಲ್ ಸ್ಟೇಷನ್, ವಾಂದ್ರೆ' ಎಂದು ಮೇಲಿಂದ ಧ್ವನಿ ಬರುತ್ತದೆ. ಇಳಿಯುವವರು ಮುಂದೆ ಸರಿಯುತ್ತಾರೆ. ನದಿಯೊಂದು ದಾಟಿತು ಅಂತ ಡಬ್ಬಿಯಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಸೇತುವೆಯ ಮೇಲೆ ಹೆಸರಿನ ಫಲಕ ಇದ್ದರೂ ಓದಲು ಸಮಯ ಸಾಲದು.

ಮಿಠಿಯ ಉದ್ದ ಸುಮಾರು 18 ಕಿಲೋಮೀಟರ್. ಸಹ್ಯಾದ್ರಿಯಿಂದಿಳಿದು ಬರುವ ನಮ್ಮ ಶರಾವತಿ, ಕಾಳಿಗಳನ್ನು ಕಂಡವರಿಗೆ ಇದು ನದಿಯೇ ಅನ್ನಿಸಲಾರದು. ವಿಹಾರ್ ಮತ್ತು ಪವೈ ಕೆರೆಗಳ ಕೋಡಿ ನೀರು ಸೇರಿ ಇದರ ಹುಟ್ಟು. ಅಲ್ಲಿಂದ ಮರೋಳ್, ಸಾಕಿನಾಕಾ ಬಳಸಿ, ವಿಮಾನ ನಿಲ್ದಾಣದ ರನ್‌ವೇ ಕೆಳಗೆ ತೂರಿ, ಕುರ್ಲಾ ಮತ್ತು ಕಲೀನಾಗಳ ನಡುವೆ ಹಾದು, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಗಾಜಿನ ಕಟ್ಟಡಗಳ ಬೆನ್ನಿಗೆ ಸುತ್ತಿ, ಧಾರಾವಿಯ ಅಂಚಿನಲ್ಲಿ ಹರಿದು ಮಾಹಿಮ್‌ನಲ್ಲಿ ಅರಬ್ಬಿ ಸಮುದ್ರ. ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಕುರ್ಲಾ ಸ್ಟೇಷನ್ನಿನಿಂದ ಹೋಗುವ ನಮ್ಮ ವಿದ್ಯಾರ್ಥಿಗಳು ಸಿಎಸ್‌ಟಿ ರಸ್ತೆಯಲ್ಲಿ ದಾಟುವುದು ಇದನ್ನೇ. ಪಂಪನನ್ನೋ ಕುಮಾರವ್ಯಾಸನನ್ನೋ ಚೀಲದಲ್ಲಿಟ್ಟುಕೊಂಡು, ಗುಜರಿ ಅಂಗಡಿಗಳ ಸಾಲಿನ ನಡುವೆ, ಆ ಮೋಟು ಸೇತುವೆಯ ಮೇಲೆ.

ಈ ಗಡಿಯ ಹುಟ್ಟಿನ ಕತೆ ಶುರುವಾಗುವುದು ಲಿಸ್ಬನ್ ಮತ್ತು ಲಂಡನ್‌ಗಳಲ್ಲಾದರೂ, ಅದರ ದುಃಖದ ಅಧ್ಯಾಯ ನಡೆದದ್ದು ನಮ್ಮ ಕಾರವಾರದ ಎದುರಿಗೆ. 1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಮದುವೆಯ ಕರಾರು ಆಯಿತು. ವಧುವಿನ ಕಡೆಯವರು ಕೊಟ್ಟ ಬಳುವಳಿಯಲ್ಲಿ ಬೊಂಬಾಯಿಯ ಬಂದರು ಮತ್ತು ದ್ವೀಪವೂ ಇತ್ತು. ಇದು ಎಲ್ಲ ಶಾಲಾಪುಸ್ತಕಗಳಲ್ಲಿಯೂ ಇರುವ ಸಂಗತಿ. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ಸುಮಾರು 400 ಸಿಪಾಯಿಗಳ ಜೊತೆ 1662ರಲ್ಲಿ ಹಡಗಿನಲ್ಲಿ ಬಂದ. ಬಂದವನಿಗೆ ಪೋರ್ಚುಗೀಸ್ ವೈಸರಾಯ್ ಆಂಟೋನಿಯೊ ದ ಮೆಲ್ಲೊ ದ ಕಾಸ್ಟ್ರೊ ದ್ವೀಪವನ್ನು ಬಿಟ್ಟುಕೊಡಲಿಲ್ಲ. ಕಾಗದಪತ್ರ ಸರಿಯಿಲ್ಲ ಅಂದ. ನಿಜವಾದ ಜಗಳ ಬೇರೆ ಇತ್ತು: ಕೊಟ್ಟದ್ದು ಎಷ್ಟು? ಬೊಂಬಾಯಿ ಎಂಬ ಒಂದು ದ್ವೀಪ ಮಾತ್ರವೇ, ಖಾಡಿಯ ಆಚೆಗಿನ ಸಾಷ್ಟಿ ದ್ವೀಪ, ಠಾಣೆ ಎಲ್ಲ ಸೇರಿಯೇ? ಲಂಡನ್ನಿನವರು ಎಲ್ಲವೂ ಬಂತೆಂದೇ ತಿಳಿದಿದ್ದರು. ಗೋವೆಯವರು ಒಂದು ಮೊಳವೂ ಹೆಚ್ಚಿಗೆ ಕೊಡಲು ತಯಾರಿರಲಿಲ್ಲ.

ಇಳಿಯಲು ನೆಲ ಸಿಗದ ಆ ಸಿಪಾಯಿಗಳು ಕೊನೆಗೆ ಬಂದು ತಂಗಿದ್ದು ಅಂಜದೀವಿಯಲ್ಲಿ. ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರಿಗೆ ಸಮುದ್ರದಲ್ಲಿ ಹಸಿರು ಗುಡ್ಡದಂತೆ ಕಾಣುವ ದ್ವೀಪ. ಹೆದ್ದಾರಿಯಲ್ಲಿ ಬಸ್ಸಿನ ಪಶ್ಚಿಮದ ಕಿಟಕಿಯಲ್ಲಿ ಕೂತರೆ ಇಂದಿಗೂ ಕಾಣುತ್ತದೆ. ಕರ್ನಾಟಕದ ಕರಾವಳಿಗೆ ಅಂಟಿಕೊಂಡಂತಿದ್ದರೂ 1961ರ ಡಿಸೆಂಬರ್ ತನಕ ಪೋರ್ಚುಗೀಸರದ್ದು, ಈಗಲೂ ಲೆಕ್ಕದಲ್ಲಿ ಗೋವೆಗೆ ಸೇರಿದ್ದು. ಆ ದ್ವೀಪದಲ್ಲಿ ಮಳೆಗಾಲ ಹಿಡಿದಾಗ ಏನಾಗಿರಬಹುದು ಎಂದು ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಜ್ವರ, ಭೇದಿ, ಕೊಳೆತ ಅಕ್ಕಿ. ಒಬ್ಬೊಬ್ಬರಾಗಿ ಸತ್ತರು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ಸತ್ತ. ಕೊನೆಗೆ ಉಳಿದವರು ನೂರರ ಆಸುಪಾಸು. ಅವರ ಊರುಗಳಲ್ಲಿ ತಾಯಂದಿರು ಎಷ್ಟು ವರ್ಷ ಕಾದರೋ. ಒಂದು ಕರಾರಿನಲ್ಲಿ ಗಡಿಯನ್ನು ಸ್ಪಷ್ಟವಾಗಿ ಬರೆಯದೆ ಹೋದದ್ದಕ್ಕೆ ಮುನ್ನೂರು ಹುಡುಗರ ಪ್ರಾಣ ಹೋಯಿತಲ್ಲ ಎಂದು, ಆ ದಾರಿಯಲ್ಲಿ ಊರಿಗೆ ಹೋಗುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೊಂಬಾಯಿಯ ಚರಿತ್ರೆ ಬರೆದವರು ಅಂಜದೀವಿಗೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಅದು ನ್ಯಾಯವಲ್ಲ.

ಉಳಿದವರ ನಾಯಕನಾದವನು ಶಿಪ್‌ಮನ್ನನ ಕಾರ್ಯದರ್ಶಿ ಹಂಫ್ರಿ ಕುಕ್. ಎರಡು ವರ್ಷ ಸಾವನ್ನೇ ಕಂಡು ಬಂದ ಆ ಮನುಷ್ಯ ವೈಸರಾಯನ ಷರತ್ತುಗಳಿಗೆಲ್ಲ ಹೂಂ ಅಂದು 1665ರ ಫೆಬ್ರವರಿಯಲ್ಲಿ ದ್ವೀಪವನ್ನು ವಹಿಸಿಕೊಂಡ. ವಹಿಸಿಕೊಂಡ ಮೇಲೆ ಸುಮ್ಮನಿರಲಿಲ್ಲ. ಮಾಹಿಮ್ ಬೇರೆ ದ್ವೀಪ, ಅದು ನಮ್ಮದು ಎಂದು ಪೋರ್ಚುಗೀಸರು ಹೇಳುತ್ತಿದ್ದಂತೆಯೇ ಅದನ್ನೂ ಹಿಡಿದುಕೊಂಡ. ಇಳಿತದ ಹೊತ್ತಿನಲ್ಲಿ ಬೊಂಬಾಯಿಯಿಂದ ಮಾಹಿಮ್‌ಗೆ ಕಾಲ್ನಡಿಗೆಯಲ್ಲಿ ಹೋಗಬಹುದಾದರೆ ಅದು ಹೇಗೆ ಬೇರೆ ದ್ವೀಪವಾಗುತ್ತದೆ ಎನ್ನುವುದು ಇಂಗ್ಲಿಷರ ವಾದ. ಮಾಹಿಮ್‌ನ ಉತ್ತರಕ್ಕೆ ಮಾತ್ರ ನಡೆದು ದಾಟಲಾಗದಷ್ಟು ನೀರಿತ್ತು. ಆದ್ದರಿಂದ ಗಡಿ ಅಲ್ಲಿ ನಿಂತಿತು. ಭರತ ಮತ್ತು ಇಳಿತ ಕೂಡಿ ಎಳೆದ ಗೆರೆ ಅದು. 1668ರಲ್ಲಿ ದೊರೆ ಈ ದ್ವೀಪವನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ.

ಆಮೇಲೆ ಎರಡೂ ದಡಗಳಲ್ಲಿ ಕಲ್ಲು ಏಳತೊಡಗಿತು. ಬಾಂದ್ರಾದ ತುದಿಯಲ್ಲಿ ಪೋರ್ಚುಗೀಸರು 1640ರಲ್ಲೇ ಕಟ್ಟಿದ ಅಗ್ವಾದಾ ಕೋಟೆ ಇತ್ತು. ಹಾದುಹೋಗುವ ಹಡಗುಗಳಿಗೆ ಸಿಹಿನೀರು ಸಿಗುತ್ತಿದ್ದ ಜಾಗ. ಕೊಲ್ಲಿಯ ಆಚೆ ಇಂಗ್ಲಿಷರ ವರ್ಳಿ ಕೋಟೆ, ಮಾಹಿಮ್ ಕೋಟೆ. ಒಳಭಾಗದಲ್ಲಿ ಜೆರಾಲ್ಡ್ ಆಂಜಿಯರ್ ಗವರ್ನರ್ ಆಗಿದ್ದಾಗ, 1669ರಿಂದ 1677ರೊಳಗೆ, ಸಾಯನ್ ಗುಡ್ಡದ ಮೇಲೆ ಕಟ್ಟಿಸಿದ ಕೋಟೆ. ಸಾಯನ್ ಸ್ಟೇಷನ್ನಿನಲ್ಲಿ ಇಳಿದು ಉದ್ಯಾನದ ಮೆಟ್ಟಿಲು ಹತ್ತಿದರೆ ಇಂದಿಗೂ ಮೇಲೆ ತಲುಪಬಹುದು. ಬೆಳಗ್ಗೆ ವಾಕಿಂಗಿನವರು, ಸಂಜೆ ಪ್ರೇಮಿಗಳು. ಉಪ್ಪಿನಗದ್ದೆಗಳ ಆಚೆಗಿನ ಸಾಷ್ಟಿಯಲ್ಲಿ ಯಾರಾದರೂ ಕದಲಿದರೆ ಕಾಣಲಿ ಎಂದು ಸಿಪಾಯಿ ನಿಲ್ಲುತ್ತಿದ್ದ ಜಾಗ ಅದು. ಈಗಿನ ಸೀ ಲಿಂಕ್ 2009ರಿಂದ ವರ್ಳಿಗೂ ಬಾಂದ್ರಾಕ್ಕೂ ಸೇತುವೆಯಾಗಿರುವುದು ಈ ಕೋಟೆಗಳು ಒಂದನ್ನೊಂದು ದಿಟ್ಟಿಸುತ್ತಿದ್ದ ಅದೇ ನೀರಿನ ಮೇಲೆ.

ಆದರೆ ಗಡಿಯ ಎರಡು ಕಡೆಯ ಜನ ಒಂದೇ ಜನವಾಗಿದ್ದರು. ಕೋಳಿ ಜನಾಂಗದ ಬೆಸ್ತರು ಎರಡೂ ದಡದಲ್ಲಿ ಬಲೆ ಒಣಗಿಸುತ್ತಿದ್ದರು. ಭಂಡಾರಿಗಳು ಎರಡೂ ಕಡೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಬೊಂಬಾಯಿ ದ್ವೀಪದಲ್ಲಿ ಬೆಳೆಯುತ್ತಿದ್ದದ್ದು ಅಲ್ಲಿಯ ಹೊಟ್ಟೆಗಳಿಗೆ ಸಾಲುತ್ತಿರಲಿಲ್ಲ. ಅಕ್ಕಿ, ತರಕಾರಿ, ಸೌದೆ ಸಾಷ್ಟಿಯಿಂದ ಮತ್ತು ಠಾಣೆಯ ಆಚೆಯಿಂದ ದೋಣಿಯಲ್ಲಿ ಬರಬೇಕಿತ್ತು. ಠಾಣೆಯಲ್ಲಿ, ಕಾರಂಜಾದಲ್ಲಿ ಪೋರ್ಚುಗೀಸರು ಆ ದೋಣಿಗಳನ್ನು ತಡೆದು ಸುಂಕ ಕೀಳುತ್ತಿದ್ದರು. ಜಗಳ ದೊರೆಗಳವರೆಗೆ ಹೋಗುತ್ತಿತ್ತು. ಬಾಂದ್ರಾದ ಜೆಸುಯಿಟ್ ಪಾದ್ರಿಗಳ ಕಷ್ಟ ಇನ್ನೊಂದು ಬಗೆಯದು. ಅವರ ಮಠ ಆಚೆ ದಡದಲ್ಲಿ, ಅವರ ಹೊಲ ತೋಟಗಳಲ್ಲಿ ಕೆಲವು ಈಚೆ ದಡದಲ್ಲಿ ಸಿಕ್ಕಿಬಿದ್ದವು. 1689ರಲ್ಲಿ ಜಂಜೀರೆಯ ಸಿದ್ದಿ ಯಾಕೂತ್ ಖಾನ ಬೊಂಬಾಯಿಯ ಮೇಲೆ ಬಿದ್ದು ಮಾಹಿಮ್ ಹಿಡಿದಾಗ ಈ ಪಾದ್ರಿಗಳು ಅವನಿಗೆ ನೆರವಾದರೆಂದು ಇಂಗ್ಲಿಷರು ಆರೋಪ ಹೊರಿಸಿ ಅವರ ಆಸ್ತಿಯನ್ನು ಜಪ್ತಿ ಮಾಡಿದರು. ಪರೇಲಿನಲ್ಲಿದ್ದ ಅವರ ಕಟ್ಟಡ ಮುಂದೆ ಗವರ್ನರರ ಬಂಗಲೆಯಾಯಿತು. ಪ್ಲೇಗಿನ ಕಾಲದಲ್ಲಿ, 1899ರಿಂದ, ಅಲ್ಲಿ ವಿಜ್ಞಾನಿ ಹಾಫ್‌ಕಿನ್ ಲಸಿಕೆ ತಯಾರಿಸತೊಡಗಿದ. ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಇಂದಿಗೂ ಅಲ್ಲಿಯೇ ಇದೆ.

ಬಾಂದ್ರಾದ ಹಳೆಯ ಕ್ರೈಸ್ತರಿಗೆ ಈಸ್ಟ್ ಇಂಡಿಯನ್ ಎಂಬ ಹೆಸರು ಬಂದದ್ದರಲ್ಲಿಯೂ ನಮ್ಮವರ ಪಾಲಿದೆ. ಗೋವೆಯಿಂದ, ಮಂಗಳೂರಿನಿಂದ ಕೆಲಸ ಹುಡುಕಿಕೊಂಡು ಕ್ರೈಸ್ತರು ಇಲ್ಲಿಗೆ ಬರತೊಡಗಿದಾಗ, ನಾವು ಇಲ್ಲಿಯ ಮೂಲದವರು, ಕಂಪನಿಯ ಕಾಲದಿಂದ ಇದ್ದವರು ಎಂದು ತೋರಿಸಿಕೊಳ್ಳಲು ಅವರು 1887ರಲ್ಲಿ ಆ ಹೆಸರಿನ ಸಂಘ ಕಟ್ಟಿಕೊಂಡರು. ಇವತ್ತು ಬಾಂದ್ರಾದ ಒಂದೇ ಗಲ್ಲಿಯಲ್ಲಿ ಅವರ ಮರಾಠಿಯೂ ನಮ್ಮ ಮಂಗಳೂರಿನ ಕೊಂಕಣಿಯೂ ಒಂದೇ ಬೇಕರಿಯ ಮುಂದೆ ಮಾತಾಡುತ್ತವೆ. ಅದೇ ಬಾಂದ್ರಾದ ಕಡಲತಡಿಯ ಮನೆಯಲ್ಲಿ ಕೂತು ಯಶವಂತ ಚಿತ್ತಾಲರು ಹನೇಹಳ್ಳಿಯನ್ನು ಬರೆದರು.

ಗಡಿಯ ಕಲ್ಲುಗಳಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಧಾರಾವಿಯ ಕಾಳಾ ಕಿಲ್ಲಾ. ಬೆಸ್ಟ್ ಬಸ್ ಡಿಪೋ ಪಕ್ಕದಲ್ಲಿ, ಮನೆಗಳು ಮುತ್ತಿಕೊಂಡ ಒಂದು ಮೋಟು ಕೋಟೆ. ಗೋಡೆಯ ಬಿರುಕುಗಳಲ್ಲಿ ಅರಳಿಯ ಬೇರುಗಳು ಇಳಿದಿವೆ. ತಂತಿಯ ಮೇಲೆ ಯಾರದೋ ಶಾಲೆಯ ಯೂನಿಫಾರ್ಮು ಒಣಗುತ್ತಿರುತ್ತದೆ. ಗೋಡೆಯಲ್ಲಿ ಒಂದು ಕಲ್ಲುಹಲಗೆ: ಬೊಂಬಾಯಿಯ ಗವರ್ನರ್ ಜಾನ್ ಹಾರ್ನ್ ಅವರ ಅಪ್ಪಣೆಯಂತೆ 1737ರಲ್ಲಿ ಕಟ್ಟಿದ್ದು ಎಂಬ ಇಂಗ್ಲಿಷ್ ಬರಹ. ಆ ಇಸವಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಕೆನ್ನಿಸುತ್ತದೆ. ಅದೇ ವರ್ಷ ಮರಾಠರು ಠಾಣೆ ಹಿಡಿದು ಸಾಷ್ಟಿಗೆ ನುಗ್ಗಿದ್ದರು. ಎಪ್ಪತ್ತು ವರ್ಷಗಳಿಂದ ಇದ್ದ ನೆರೆಯವನು ಹೋಗಿ ಹೊಸ ನೆರೆಯವನು ಬರುತ್ತಿದ್ದಾನೆ ಎಂಬ ದಿಗಿಲು ಈ ಕಲ್ಲಿನಲ್ಲಿದೆ ಎಂದೇ ನನ್ನ ಎಣಿಕೆ. ಆಗ ನದಿ ಈ ಗೋಡೆಯ ಬುಡದಲ್ಲಿ ಹರಿಯುತ್ತಿತ್ತು. ಈಗ ಮನೆ, ಕಾರ್ಖಾನೆ, ರಸ್ತೆ ದಾಟಿ ಹೋದ ಮೇಲೆ ಕಾಂಡ್ಲಾ ಗಿಡಗಳ ಹಿಂದೆ ಎಲ್ಲೋ ಇದೆ.

ಅಲ್ಲಿ ಒಬ್ಬ ರಟ್ಟಿನ ಪೆಟ್ಟಿಗೆ ಮಾಡುವವನು, ನಾನು ಕಲ್ಲನ್ನು ಓದುತ್ತ ಫೋನಿನಲ್ಲಿ ಮನೆಯವರ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡು, 'ಕನ್ನಡದವರೇನ್ರೀ ಸಾಹೇಬ್ರ?' ಅಂದ. ಇಂಡಿ ತಾಲ್ಲೂಕಿನವನು, ಭೀಮಾ ದಂಡೆಯ ಊರು. ಒಂದು ಪೆಟ್ಟಿಗೆಯನ್ನೇ ಬೋರಲು ಹಾಕಿ ಕೂರಿಸಿ ಚಹಾ ತರಿಸಿದ. ಈ ಕೋಟೆ ಯಾಕೆ ಕಟ್ಟಿದ್ದು ಎಂದು ಹೇಳಿದೆ. ಆಚೆ ದಡ ಬೇರೆ ದೇಶ ಆಗಿತ್ತು ಅಂದಾಗ ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

'ನಮ್ಮ ಕಡಿನೂ ಹಂಗ ಅದರೀ. ಆ ದಂಡಿ ಮಹಾರಾಷ್ಟ್ರ, ಈ ದಂಡಿ ನಮ್ದು. ನಮ್ಮ ಅಕ್ಕನ್ನ ಆ ದಂಡಿ ಊರಿಗೇ ಕೊಟ್ಟೀವಿ. ಬ್ಯಾಸಿಗ್ಯಾಗ ಹೊಳಿ ಬತ್ತಿದಾಗ ನಡಕೋತ ಹೋಗಿ ಉಂಡು ಬರ್ತಿದ್ವಿ. ಮಳಿಗಾಲದಾಗ ಬಸ್ಸಿನಾಗ ಸುತ್ತು ಹಾಕ್ಬೇಕು. ನಮ್ಮ ಮುತ್ಯಾ ಹೇಳ್ತಿದ್ದ, ಕೆಳಗ ಅಫಜಲಪುರದ ಕಡಿ ನಿಜಾಮನ ರಾಜ್ಯ ಇತ್ತಂತ. ಜ್ವಾಳದ ಚೀಲ ದಾಟಿಸಿದ್ರ ಹಿಡೀತಿದ್ರಂತ.'

ಅವನ ಮುತ್ಯಾ ಹೇಳಿದ್ದು ಇತಿಹಾಸ. 1948ರವರೆಗೆ ಸಿಂದಗಿಯ ಕಡೆಯ ದಡ ಬೊಂಬಾಯಿ ಪ್ರಾಂತ್ಯ, ಅಫಜಲಪುರದ ಕಡೆಯ ದಡ ಹೈದರಾಬಾದ್ ಸಂಸ್ಥಾನ. ನಿಜಾಮನಿಗೆ ತನ್ನದೇ ಹಾಲಿ ಸಿಕ್ಕಾ ರೂಪಾಯಿ ಇತ್ತು, ತನ್ನದೇ ಸುಂಕದ ಇಲಾಖೆ ಇತ್ತು, ಕರೋಡಗಿರಿ ಎಂದು ಅದರ ಹೆಸರು. ಇನ್ನೂ ಕೆಳಗೆ ತುಂಗಭದ್ರೆಯೂ ಹೀಗೆಯೇ ಗಡಿ: ಒಂದು ಕಡೆ ರಾಯಚೂರು, ಇನ್ನೊಂದು ಕಡೆ ಬಳ್ಳಾರಿ. ಸ್ವಾತಂತ್ರ್ಯ ಬಂದ ಮೇಲೂ ಒಂದು ವರ್ಷ, ಹೊಳೆಯ ಈ ದಡದವರು ಸ್ವತಂತ್ರರು, ಆ ದಡದವರು ಅಲ್ಲ. ರಜಾಕಾರರ ಕಾಟಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದವರ ಶಿಬಿರಗಳ ಕತೆಗಳನ್ನು ಆ ಸೀಮೆಯ ಹಿರಿಯರಿಂದ ಕೇಳಬೇಕು. ಮಿಠಿಯನ್ನು ಕುರಿತು ಅಂಥ ಕತೆ ಹೇಳುವ ಮುತ್ಯಾ ಯಾರೂ ಉಳಿದಿಲ್ಲ. ಅಲ್ಲಿ ಉಳಿದಿರುವುದು ಗವರ್ನರನ ಹೆಸರಿರುವ ಕಲ್ಲು ಮಾತ್ರ. ದೋಣಿ ಹಾಕಿದವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ.

1739ರ ಮೇ ತಿಂಗಳಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪಾ ವಸಈ ಕೋಟೆಯನ್ನು ಗೆದ್ದ. ಉತ್ತರ ಕೊಂಕಣದಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯಿತು. ಬೊಂಬಾಯಿಯ ವರ್ತಕರು ಹೆದರಿ ಕೋಟೆಯ ಸುತ್ತ ಕಂದಕ ತೋಡಲು 30,000 ರೂಪಾಯಿ ಚಂದಾ ಎತ್ತಿದರು. ಕಂಪನಿಯವರು ಚಿಮಾಜಿಯ ಜೊತೆ ಒಪ್ಪಂದ ಮಾಡಿಕೊಂಡರು. ಗಡಿ ಅಲ್ಲಿಯೇ ಉಳಿಯಿತು, ಬಾವುಟ ಮಾತ್ರ ಬದಲಾಯಿತು. 1774ರ ಡಿಸೆಂಬರ್ ಕೊನೆಯಲ್ಲಿ ಇಂಗ್ಲಿಷರು ಠಾಣೆಯನ್ನು ಹಿಡಿದರು. 1782ರ ಸಾಲಬಾಯಿ ಒಪ್ಪಂದ ಸಾಷ್ಟಿ ಅವರದ್ದೆಂದು ಖಾಯಂ ಮಾಡಿತು. ಎರಡೂ ದಡ ಒಬ್ಬನದೇ ಆಯಿತು.

ಆದರೂ ನೀರು ನೀರೇ. ದಾಟಲು ದೋಣಿ ಬೇಕೇ ಬೇಕು. ಸಾಯನ್ ಕಡೆಯಲ್ಲಿ ಗವರ್ನರ್ ಜೊನಾಥನ್ ಡಂಕನ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಒಂದು ಒಡ್ಡು ಕಟ್ಟಿಸಿದ. ಮಾಹಿಮ್ ಕಡೆ ಇನ್ನೂ ನಲವತ್ತು ವರ್ಷ ದೋಣಿಯೇ. ಮಳೆಗಾಲದಲ್ಲಿ ಮಗುಚುತ್ತಿದ್ದವು, ಜನ ಸಾಯುತ್ತಿದ್ದರು. ಸರ್ಕಾರ ಖರ್ಚು ಹೆಚ್ಚೆಂದು ಕೈಚೆಲ್ಲಿತು. ಆಗ ಹಣ ಕೊಟ್ಟವಳು ಆವಾಬಾಯಿ, ಸರ್ ಜಮಶೇಟ್‌ಜಿ ಜೀಜೀಭಾಯಿಯವರ ಪತ್ನಿ. ಒಂದೂವರೆ ಲಕ್ಷ ರೂಪಾಯಿಗೂ ಮೇಲೆ, ಆ ಕಾಲದಲ್ಲಿ. ಅವಳು ಹಾಕಿದ ಷರತ್ತು ಒಂದೇ: ಈ ದಾರಿಯಲ್ಲಿ ಯಾರಿಂದಲೂ ಸುಂಕ ವಸೂಲಿ ಮಾಡಕೂಡದು. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಸುಂಕದ ಕಟ್ಟೆಗಳೇ ಅಧಿಕಾರದ ಗುರುತಾಗಿದ್ದ ಆ ನೀರಿನ ಮೇಲೆ ಸುಂಕ ಬೇಡ ಎಂದ ಹೆಂಗಸು ಅವಳು. ಗಡಿ ಅಳಿದದ್ದು 1774ರ ಫಿರಂಗಿಯಿಂದಲ್ಲ, 1845ರ ಆ ಷರತ್ತಿನಿಂದ ಎಂದು ನಾನು ನಂಬಿದ್ದೇನೆ. ಮಾಹಿಮ್‌ನ ಲೇಡಿ ಜಮಶೇಟ್‌ಜಿ ರಸ್ತೆಯನ್ನು ಎಲ್ಲರೂ ಎಲ್‌ಜೆ ರೋಡ್ ಅನ್ನುತ್ತಾರೆ. ಬಸ್ಸಿನ ಬೋರ್ಡಿನಲ್ಲಿಯಾದರೂ ಅವಳ ಹೆಸರು ಪೂರ್ತಿ ಬರೆಯಬಾರದೇ? ಎಂಟು ವರ್ಷದ ಮೇಲೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸಾಯನ್ ಬಳಿ ಹಳೆಯ ಗಡಿ ದಾಟಿಹೋಯಿತು.

ನಗರ ಮೊದಲು ಕುಡಿದ ಕೊಳಾಯಿ ನೀರೂ ಆಚೆ ದಡದ್ದೇ. ಬಾವಿಗಳು ಬತ್ತಿ ಬೊಂಬಾಯಿ ಬಾಯಾರಿ ಕೂತಾಗ ಸಾಷ್ಟಿಯ ಗುಡ್ಡಗಳ ನಡುವೆ, ಮಿಠಿಯ ತಲೆಯಲ್ಲಿ, ಕಟ್ಟೆ ಕಟ್ಟಿ 1860ರಲ್ಲಿ ವಿಹಾರ್ ಕೆರೆ ಮಾಡಿದರು. ಮುಂದೆ ತುಳಸಿ, ಪವೈ ಕೆರೆಗಳು. ನದಿಯ ತಲೆಯ ನೀರು ಹೀಗೆ ಕೊಳವೆಗೆ ಹೋಯಿತು. ಮಳೆಗಾಲ ಬಿಟ್ಟರೆ ಮೇಲಿಂದ ಬರುವುದು ಅಷ್ಟಕ್ಕಷ್ಟೆ. ಕೆಳಗೆ ಉಬ್ಬರದ ಉಪ್ಪುನೀರು ಬಂದುಹೋಗುತ್ತ ನದಿಯನ್ನು ಜೀವಂತ ಇಟ್ಟಿತ್ತು. ನನ್ನ ಸೋದರಮಾವ ಐವತ್ತರ ದಶಕದಲ್ಲಿ ಉಡುಪಿ ಕಡೆಯಿಂದ ಬಂದು ಕುರ್ಲಾದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದರು, ರಾತ್ರಿ ಶಾಲೆಗೆ ಹೋಗುತ್ತಿದ್ದರು. ಭಾನುವಾರ ಹೊಳೆಯ ದಡಕ್ಕೆ ಬಟ್ಟೆ ಒಗೆಯಲು ಹೋಗುತ್ತಿದ್ದೆವು, ಗಾಳ ಹಾಕಿದರೆ ಮೀನು ಸಿಗುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಹೊಳೆ ಅನ್ನುತ್ತಿದ್ದರು. ನನ್ನ ತಲೆಮಾರಿನವರು ನಾಲಾ ಅಂದೆವು.

ಹೇಗೆ ಹೀಗಾಯಿತು ಎಂದು ಬಹಳ ಯೋಚಿಸಿದ್ದೇನೆ. ಕಾರ್ಖಾನೆಗಳ ಬಣ್ಣದ ನೀರು, ದನದ ಕೊಟ್ಟಿಗೆಗಳ ಸಗಣಿ, ಎಣ್ಣೆಯ ಡ್ರಮ್ಮು ತೊಳೆಯುವವರು, ಚರಂಡಿಯಿಲ್ಲದ ಸಾವಿರಾರು ಮನೆಗಳು, ಕಾಂಡ್ಲಾ ಕಾಡು ಮುಚ್ಚಿ ಎದ್ದ ಬಿಕೆಸಿ, ವಿಮಾನ ನಿಲ್ದಾಣಕ್ಕೆಂದು ನದಿಯನ್ನು ಮೂಲೆ ಮೂಲೆಯಾಗಿ ತಿರುಗಿಸಿದ್ದು, ಎಲ್ಲವೂ ಕಾರಣಗಳೇ. ಇವುಗಳ ಹಿಂದೆ ಇನ್ನೊಂದಿದೆ. ಗಡಿಯಾಗಿದ್ದಾಗ ಈ ನೀರಿನ ಮೇಲೆ ಎರಡೂ ಕಡೆಯವರ ಕಣ್ಣಿತ್ತು. ಅದು ಎಷ್ಟು ಆಳ, ಯಾವ ಹೊತ್ತಿಗೆ ಉಬ್ಬರ, ಎಲ್ಲಿ ದೋಣಿ ಬರುತ್ತದೆ ಎಂಬುದು ಸಿಪಾಯಿಯಿಂದ ಗವರ್ನರನವರೆಗೆ ಗೊತ್ತಿರಬೇಕಿತ್ತು. ಎರಡೂ ದಡ ಒಬ್ಬನದೇ ಆದ ಮೇಲೆ ಊರು ಅದಕ್ಕೆ ಬೆನ್ನು ಹಾಕಿ ಕೂತಿತು. 1950 ಮತ್ತು 1957ರಲ್ಲಿ ಪಾಲಿಕೆಯ ಎಲ್ಲೆ ಉಪನಗರಗಳಿಗೆ ವಿಸ್ತರಿಸಿದ ಮೇಲಂತೂ ಅದು ಮನೆಯ ಹಿತ್ತಿಲಾಗಿಬಿಟ್ಟಿತು. ಕಸ ಎಸೆಯುವುದು ಹಿತ್ತಿಲಿಗೇ ಅಲ್ಲವೇ.

2005ರ ಜುಲೈ 26ರಂದು ಅದು ತಾನು ಇರುವುದನ್ನು ತೋರಿಸಿತು. ಸಾಂತಾಕ್ರೂಜ್ ವೇಧಶಾಲೆಯಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ, ಜೊತೆಗೆ ಉಬ್ಬರದ ಹೊತ್ತು. ಹರಿಯಲು ಜಾಗವಿಲ್ಲದ ನೀರು ಕುರ್ಲಾ, ಕಲೀನಾ, ಸಾಕಿನಾಕಾಗಳ ಮೊದಲ ಮಹಡಿ ಹತ್ತಿತು. ವಿಮಾನ ನಿಲ್ದಾಣ ಮುಚ್ಚಿತು. ನೂರಾರು ಜನ ಸತ್ತರು. ಕಲೀನಾದಲ್ಲಿ ನೆಲಮಹಡಿಯಲ್ಲಿದ್ದ ನನ್ನ ಗೆಳೆಯನ ಮನೆಯಲ್ಲಿ ಮೂವತ್ತು ವರ್ಷ ಕೂಡಿಟ್ಟ ಕನ್ನಡ ಪುಸ್ತಕಗಳು ಉಬ್ಬಿ ಕಪಾಟಿನ ಬಾಗಿಲನ್ನೇ ಒಡೆದಿದ್ದವು. ಅವನ್ನು ಬಿಸಿಲಿಗೆ ಹರವಿ ಒಂದೊಂದೇ ಹಾಳೆ ಬಿಡಿಸುತ್ತ ಅವನು ಅತ್ತದ್ದನ್ನು ನಾನು ಮರೆಯಲಾರೆ. ಅದೇ ವರ್ಷ ಆಗಸ್ಟಿನಲ್ಲಿ ಮಿಠಿಗೆಂದು ಒಂದು ಪ್ರಾಧಿಕಾರ ಬಂತು. ಕೆಲಸ ಹಂಚಿಕೊಂಡದ್ದು ಹೀಗೆ: ಮೇಲಿನ ಸುಮಾರು 12 ಕಿಲೋಮೀಟರ್ ಪಾಲಿಕೆಗೆ, ಕೆಳಗಿನ 6 ಕಿಲೋಮೀಟರ್ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಎಂಎಂಆರ್‌ಡಿಎಗೆ. ಹಿಂದೆ ನದಿಯೇ ಗಡಿಯಾಗಿತ್ತು, ಈ ಸಲ ನದಿಯನ್ನೇ ಅಡ್ಡಕ್ಕೆ ಕತ್ತರಿಸಿ ಗಡಿ ಹಾಕಿದ್ದರು. ಹೂಳು ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ತೇಲಿಕೊಂಡು ಹೋಗುತ್ತಿತ್ತು, ಅದನ್ನು ತಡೆಯುವ ನಾಕಾ ಇರಲಿಲ್ಲ.

ನೀರಿನ ಮೇಲೆ ಗೆರೆ ಎಳೆಯುವ ಕಷ್ಟ, ಮಿಠಿಯ ಗಡಿ ಅಳಿದ ಮೇಲೆಯೂ, ಬೊಂಬಾಯಿ ಸರ್ಕಾರಕ್ಕೆ ತಪ್ಪಿರಲಿಲ್ಲ. ಕಛ್ ಮತ್ತು ಸಿಂಧಿನ ನಡುವೆ ಸರ್ ಕ್ರೀಕ್ ಎಂಬ 96 ಕಿಲೋಮೀಟರಿನ ಖಾಡಿ ಇದೆ. 1908ರಲ್ಲಿ ಅಲ್ಲಿ ಸೌದೆಗಾಗಿ ಜಗಳ ಹುಟ್ಟಿತು. ಸಿಂಧ್ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. 1914ರಲ್ಲಿ ಬೊಂಬಾಯಿ ಸರ್ಕಾರ ಒಂದು ಠರಾವು ಹೊರಡಿಸಿ, ನಕ್ಷೆ ಬರೆಸಿ, ಆಯಿತು ಅಂದಿತು. ಆ ಠರಾವನ್ನೇ ಮುಂದಿಟ್ಟುಕೊಂಡು ಇಂದಿಗೂ ಎರಡು ದೇಶಗಳು ವಾದಿಸುತ್ತಿವೆ: ಗಡಿ ಪೂರ್ವದ ದಂಡೆಯಲ್ಲಿ ಎಂದು ಪಾಕಿಸ್ತಾನ, ನಡುನೀರಿನಲ್ಲಿ ಎಂದು ಭಾರತ. 1968ರಲ್ಲಿ ಕಛ್‌ನ ರಣ್ ಪ್ರದೇಶದ ತಂಟೆ ತೀರಿಸಿದ ನ್ಯಾಯಮಂಡಳಿ ಈ ಖಾಡಿಯನ್ನು ಮುಟ್ಟಲಿಲ್ಲ. ಮೀನಿನ ಹಿಂದೆ ಹೋದ ಬೆಸ್ತರು ಆ ಕಡೆಯ ಜೈಲಿನಲ್ಲಿ, ಈ ಕಡೆಯ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಾರೆ. ಅಂಜದೀವಿಯ ಹುಡುಗರಿಗೂ ಇವರಿಗೂ ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಅಂತರ. ಕಾರಣ ಮಾತ್ರ ಒಂದೇ, ಅಸ್ಪಷ್ಟವಾಗಿ ಬರೆದ ಒಂದು ಕಾಗದ.

ಮಿಠಿಯ ದಂಡೆಯಲ್ಲಿ ಈಗ ದೇಶದ ಗಡಿ ದಾಟುವವರ ಇನ್ನೊಂದು ಸಾಲು ನಿಂತಿರುತ್ತದೆ. ಬಿಕೆಸಿಯಲ್ಲಿ ಪಾಸ್‌ಪೋರ್ಟ್ ಕಚೇರಿ ಇದೆ, 2011ರಿಂದ ಅಮೆರಿಕದ ಕಾನ್ಸುಲೇಟ್ ಇದೆ. ಬೆಳಗಿನ ಜಾವದಿಂದಲೇ ಹುಡುಗ ಹುಡುಗಿಯರು ಪ್ಲಾಸ್ಟಿಕ್ ಫೈಲು ಹಿಡಿದು ಬರುತ್ತಾರೆ, ಒಳಗೆ ಅವರಷ್ಟೇ ಹೋಗಬೇಕು, ಅಪ್ಪ ಅಮ್ಮ ಹೊರಗೆ ಫುಟ್‌ಪಾತಿನಲ್ಲಿ. ತಂಗಿಯ ಮಗಳನ್ನು ಕರೆದುಕೊಂಡು ಹೋದಾಗ ಅಲ್ಲಿ ಕುಂದಾಪುರದ ಕಡೆಯ ಒಬ್ಬ ಹೆಂಗಸು ಪರಿಚಯವಾದರು. ಡೊಂಬಿವಲಿಯಲ್ಲಿ ವಾಸ, ಮಗ ಎಂಎಸ್ ಮಾಡಲು ಹೊರಟವನು. ಅವರ ಕೈಯಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ ಬೆವರಿಗೆ ಒದ್ದೆಯಾಗಿತ್ತು. ಮಾತು ಹೊರಳಿಸಲು ನಾನು ಈ ಜಾಗದ ಕತೆ ಹೇಳಿದೆ. ನಾವು ನಿಂತ ನೆಲ ಹೊಳೆಯ ಕೆಸರಾಗಿತ್ತು, ಆಚೆ ಒಂದು ರಾಜ್ಯ, ಈಚೆ ಒಂದು ರಾಜ್ಯ ಅಂದೆ.

ಅವರು ಗೇಟಿನ ಕಡೆಯಿಂದ ಕಣ್ಣು ಕೀಳದೆಯೇ ಕೇಳಿದರು, 'ಆಗ ದಾಟ್ಲಿಕ್ಕೆ ಎಂಥ ಕಾಗದ ಬೇಕಿತ್ತು ಅಣ್ಣಾ?'

'ಬರಿಗೈಯಲ್ಲಿ ಹೋದ್ರೆ ದೋಣಿಯ ಬಾಡಿಗೆ ಸಾಕಿತ್ತು ಅಕ್ಕಾ. ಅಕ್ಕಿ ಮೂಟೆ ಇದ್ರೆ ಸುಂಕ.'

'ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳ್ತಿರ್ಲಿಲ್ಲ ಅಲ್ವಾ' ಅಂದರು ಅವರು. ಅಷ್ಟರಲ್ಲಿ ಮಗ ಹೊರಗೆ ಬಂದ. ಕೈಯಲ್ಲಿ ಫೈಲಿತ್ತು, ಪಾಸ್‌ಪೋರ್ಟ್ ಇರಲಿಲ್ಲ. ಅದನ್ನು ಒಳಗೆ ಇಟ್ಟುಕೊಂಡರೆ ವೀಸಾ ಆಯಿತೆಂದು ಲೆಕ್ಕ. ತಾಯಿ ಅಲ್ಲೇ ರಸ್ತೆಯಲ್ಲಿ ಅವನ ಹಣೆಗೆ ಕುಂಕುಮ ಹಚ್ಚಿ, ಕುರ್ಲಾ ಸ್ಟೇಷನ್ನಿಗೆ ಆಟೋ ಮಾಡು ಎಂದು ಹೇಳಿ, ನನ್ನ ಕೈಯಲ್ಲಿಯೂ ಒಂದು ಚಿಟಿಕೆ ಇಟ್ಟು ಹೊರಟರು.